ಬೆಂಕಿ ಎತ್ತ ಹೋಗುತ್ತೆ, ವಿಮಾನ ಎಲ್ಲಿಂದ ಬರುತ್ತೆ: ಕ್ಯಾಲಿಫೋರ್ನಿಯಾದ ಕಾಡ್ಗಿಚ್ಚಿನ ಫೋಟೋ ತೆಗೆಯುವುದು ಹೇಗೆ

ಕ್ಯಾಲಿಫೋರ್ನಿಯಾದಲ್ಲಿ ಜೂನ್ ಬಂತೆಂದರೆ ಗುಡ್ಡಗಳೆಲ್ಲ ಒಣಗಿ ಹೊಂಬಣ್ಣಕ್ಕೆ ತಿರುಗುತ್ತವೆ. ಅಲ್ಲಿಂದ ನವೆಂಬರ್‌ವರೆಗೆ, ಈಗೀಗ ಜನವರಿಯಲ್ಲೂ, ಬೆಂಕಿ ಸೀಸನ್. ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಬೇ ಏರಿಯಾದಲ್ಲಿರುವ ನಮ್ಮವರಲ್ಲಿ ಕ್ಯಾಮೆರಾ ಹುಚ್ಚಿರುವವರು ಜಾಸ್ತಿ, ಆ ಕೆಂಪು ದ್ರವ ಸುರಿಯೋ ವಿಮಾನದ ಫೋಟೋ ನೋಡಿದ ಕೂಡಲೇ ಕೇಳೋ ಮೊದಲ ಪ್ರಶ್ನೆ "ಯಾವ ಲೆನ್ಸ್?" ಅಂತ. ಲೆನ್ಸ್ ವಿಷಯ ಆಮೇಲೆ ಹೇಳುತ್ತೇನೆ. ಈ ಕೆಲಸದಲ್ಲಿ ಮುಕ್ಕಾಲು ಪಾಲು ಬರೀ ಲೆಕ್ಕಾಚಾರ. ಇನ್ನು ಅರ್ಧ ಗಂಟೆಗೆ ಬೆಂಕಿ ಎಲ್ಲಿರುತ್ತೆ, ಮುಂದಿನ ವಿಮಾನ ಯಾವ ದಿಕ್ಕಿಂದ ಬರುತ್ತೆ, ಗಾಳಿ ತಿರುಗಿದರೆ ನಾನು ಯಾವ ರಸ್ತೆಯಲ್ಲಿ ಹೊರಗೆ ಹೋಗ್ತೀನಿ. ಈ ಮೂರಕ್ಕೂ ಉತ್ತರ ಇದ್ದವರಿಗೆ ಹಳೇ ಕ್ಯಾಮೆರಾದಲ್ಲೂ ಒಳ್ಳೆ ಫೋಟೋ ಸಿಗುತ್ತೆ. ಮೂರನೆಯದಕ್ಕೆ ಉತ್ತರ ಇಲ್ಲ ಅಂದರೆ ಕ್ಯಾಮೆರಾ ಚೀಲದಲ್ಲೇ ಇರಲಿ, ವಾಪಸ್ ಬನ್ನಿ.

ಒಳಗೆ ಬಿಡುತ್ತಾರಾ?

ಕ್ಯಾಲಿಫೋರ್ನಿಯಾದಲ್ಲಿ ಬಿಡುತ್ತಾರೆ. ಪಕ್ಕದ ರಾಜ್ಯಗಳ ಫೋಟೋಗ್ರಾಫರ್‌ಗಳಿಗೆ ಇದೇ ಹೊಟ್ಟೆಕಿಚ್ಚು. ಇಲ್ಲಿನ ದಂಡ ಸಂಹಿತೆಯಲ್ಲಿ 409.5 ಅನ್ನೋ ಸೆಕ್ಷನ್ ಇದೆ. ಬೆಂಕಿ, ಪ್ರವಾಹ, ಭೂಕಂಪದಂಥ ಸಮಯದಲ್ಲಿ ಪೊಲೀಸರು ಒಂದು ಪ್ರದೇಶ ಮುಚ್ಚಿ ಜನರನ್ನು ಹೊರಗೆ ಕಳಿಸಬಹುದು, ಆದರೆ ಪತ್ರಿಕೆ, ರೇಡಿಯೋ, ಟಿವಿ, ಸುದ್ದಿಸಂಸ್ಥೆಗಳ ಅಧಿಕೃತ ಪ್ರತಿನಿಧಿಗಳು ಒಳಗೆ ಹೋಗುವುದನ್ನು ಆ ಸೆಕ್ಷನ್ ತಡೆಯುವುದಿಲ್ಲ ಅಂತ ಅದರಲ್ಲೇ ಬರೆದಿದೆ. ಊರೆಲ್ಲ ಖಾಲಿಯಾಗಿ ಹೊರಗೆ ಬರುತ್ತಿರುವಾಗ ನೀವೊಬ್ಬರು ಒಳಗೆ ಹೋಗುತ್ತಿರುತ್ತೀರಿ.

ಬ್ಯಾರಿಕೇಡ್ ಹತ್ತಿರ ನಿಂತಿರುವ ಪೊಲೀಸಿಗೆ ಈ ಸೆಕ್ಷನ್ ಗೊತ್ತಿರಲೇಬೇಕು ಅಂತೇನಿಲ್ಲ. ದೊಡ್ಡ ಬೆಂಕಿಗೆ ಬೇರೆ ಕೌಂಟಿಯಿಂದ, ಬೇರೆ ರಾಜ್ಯದಿಂದಲೂ ಜನ ಬಂದಿರುತ್ತಾರೆ. ಅಲ್ಲಿ ದನಿ ಏರಿಸಬೇಡಿ. ಸೆಕ್ಷನ್ನಿನ ಒಂದು ಪ್ರತಿ ಪ್ರಿಂಟ್ ಮಾಡಿ ಕಾರಿನಲ್ಲಿಟ್ಟುಕೊಳ್ಳಿ, ಸಮಾಧಾನವಾಗಿ ತೋರಿಸಿ, ಅವರ ಮೇಲಧಿಕಾರಿಗೆ ರೇಡಿಯೋದಲ್ಲಿ ಕೇಳಲು ಹೇಳಿ. ಪ್ರತಿ ದೊಡ್ಡ ಬೆಂಕಿಗೂ ಮಾಧ್ಯಮದವರ ಜೊತೆ ಮಾತಾಡಲು ಒಬ್ಬ ಮಾಹಿತಿ ಅಧಿಕಾರಿ ಇರುತ್ತಾರೆ, ಎಲ್ಲರೂ ಪಿಐಒ ಅಂತಲೇ ಕರೆಯುವುದು. ಮನೆ ಬಿಡುವ ಮುಂಚೆಯೇ ಅವರ ನಂಬರ್ ಫೋನಿನಲ್ಲಿ ಸೇವ್ ಆಗಿರಬೇಕು. ಆದರೂ ಬಿಡಲಿಲ್ಲವಾ? ಮುಂದಿನ ರಸ್ತೆ ನೋಡಿ. ಜಗಳದಲ್ಲಿ ಕಳೆಯುವ ಮುಕ್ಕಾಲು ಗಂಟೆಯಲ್ಲಿ ಬೆಂಕಿ ಗುಡ್ಡ ದಾಟಿರುತ್ತೆ.

ಈ ಸೆಕ್ಷನ್ ಎಲ್ಲ ಕಡೆ ನಡೆಯಲ್ಲ. ಕೇಂದ್ರ ಸರ್ಕಾರದ ಫಾರೆಸ್ಟ್ ಸರ್ವಿಸ್ ಮುಚ್ಚಿರುವ ಕಾಡಿಗೆ ಅವರದೇ ನಿಯಮ. ಆರೆಗಾನ್, ವಾಷಿಂಗ್ಟನ್ ಕಡೆ ಹೋದರೆ ಸಾಮಾನ್ಯವಾಗಿ ಅಧಿಕಾರಿಯ ಜೊತೆಗೇ ಒಳಗೆ ಹೋಗಬೇಕು. ಯಾರದೋ ಮನೆ ಅಂಗಳಕ್ಕೆ ನುಗ್ಗುವ ಹಕ್ಕನ್ನಂತೂ ಇದು ಕೊಡುವುದಿಲ್ಲ.

ಫ್ರೀಲಾನ್ಸ್ ಮಾಡುವವರು ಸಂಪಾದಕರಿಂದ ಒಂದು ಪತ್ರ ತಗೊಂಡಿರಿ, ಪ್ರೆಸ್ ಕಾರ್ಡ್ ಕತ್ತಿನಲ್ಲಿರಲಿ. ಇನ್ನೊಂದು ಮಾತು, ನಮ್ಮವರಿಗೆ ಮಾತ್ರ: ಎಚ್-1ಬಿ ವೀಸಾದಲ್ಲಿರುವವರು ಕಂಪನಿ ಕೆಲಸದ ಜೊತೆಗೆ ಬೇರೆ ಕಡೆ ಫೋಟೋ ಮಾರಿ ದುಡ್ಡು ತಗೊಂಡರೆ ಅದು ವೀಸಾ ನಿಯಮಕ್ಕೆ ವಿರುದ್ಧ. ಒಂದು ಫೋಟೋಗೆ ಬರುವ ನೂರಿನ್ನೂರು ಡಾಲರ್‌ಗೋಸ್ಕರ ಗ್ರೀನ್ ಕಾರ್ಡ್ ಕ್ಯೂ ಹಾಳು ಮಾಡಿಕೊಳ್ಳಬೇಡಿ, ವಕೀಲರನ್ನು ಕೇಳಿ ಮುಂದುವರಿಯಿರಿ.

ಬಟ್ಟೆ, ಬೂಟು, ಕಾರು

ಹಳದಿ ನೊಮೆಕ್ಸ್ (ಸುಲಭವಾಗಿ ಬೆಂಕಿ ಹತ್ತದ ಬಟ್ಟೆ) ಶರ್ಟು, ನೊಮೆಕ್ಸ್ ಪ್ಯಾಂಟು, ಪಾದದ ಮೇಲೆ ಎಂಟು ಇಂಚು ಬರೋ ಚರ್ಮದ ಬೂಟು, ಹೆಲ್ಮೆಟ್, ಕಣ್ಣಿಗೆ ಗಾಗಲ್ಸ್, ಚರ್ಮದ ಕೈಗವಸು. ಬೂಟಿನ ಮುಂದೆ ಸ್ಟೀಲ್ ಇರಬಾರದು, ಬಿಸಿಯಾದರೆ ಬೆರಳು ಸುಡುತ್ತೆ. ಒಳಗೆ ಹಾಕೋದು ಹತ್ತಿಯದೇ ಇರಲಿ ಅಥವಾ ಉಣ್ಣೆ. ಮೇಲೆ ಸಾವಿರಾರು ರೂಪಾಯಿಯ ನೊಮೆಕ್ಸ್ ಹಾಕಿ ಒಳಗೆ ಪಾಲಿಯೆಸ್ಟರ್ ಬನಿಯನ್ ಹಾಕುವವರಿದ್ದಾರೆ, ಅದು ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತೆ. ಹೊಗೆಗೆ ಎನ್-95 ಕನಿಷ್ಠ, ದಿನವಿಡೀ ಇರುವುದಾದರೆ ಪಿ-100 ಫಿಲ್ಟರ್ ಇರುವ ಅರ್ಧ ಮುಖದ ಮಾಸ್ಕ್. ಕರವಸ್ತ್ರ ಕಟ್ಟಿಕೊಂಡರೆ ಸಿನಿಮಾ ಹೀರೋ ಹಾಗೆ ಕಾಣಬಹುದು, ಅಷ್ಟೇ ಅದರ ಉಪಯೋಗ.

ಸೊಂಟದಲ್ಲಿ ಫೈರ್ ಶೆಲ್ಟರ್ ಅಂತ ಒಂದು ಇರುತ್ತೆ, ಅಲ್ಯೂಮಿನಿಯಂ ಹಾಳೆಯ ಗೂಡು. ದಾರಿಯೇ ಇಲ್ಲದಾದಾಗ ನೆಲಕ್ಕೆ ಮುಖ ಮಾಡಿ ಮಲಗಿ ಅದನ್ನು ಮೈಮೇಲೆ ಎಳೆದುಕೊಳ್ಳಬೇಕು. ಬಳಸೋದನ್ನು ಕಲಿಯದೆ ಸುಮ್ನೆ ನೇತುಹಾಕಿಕೊಂಡರೆ ಏನೂ ಬರಲ್ಲ. ಕಲಿಯಬೇಕು ಅಂದರೆ ಎಸ್-190 ಅಂತ ಕೋರ್ಸ್ ಇದೆ, ಬೆಂಕಿಯ ನಡವಳಿಕೆ ಬಗ್ಗೆ, ಆನ್‌ಲೈನ್‌ನಲ್ಲೇ ಓದಬಹುದು. ಹೊಸ ಲೆನ್ಸ್ ತಗೊಳ್ಳೋ ಮುಂಚೆ ಇದನ್ನು ಮುಗಿಸಿ.

ಕಾರು. ಟ್ಯಾಂಕ್ ಯಾವಾಗಲೂ ತುಂಬಿರಬೇಕು. ನಿಲ್ಲಿಸುವಾಗ ಮುಖ ಹೊರಗಿನ ರಸ್ತೆಗೆ, ಕಿಟಕಿ ಮುಚ್ಚಿ, ಕೀ ಕಾರಿನಲ್ಲೇ. ಕೀ ಯಾಕೆ ಅಂದರೆ ನೀವು ದೂರ ಇದ್ದಾಗ ಫೈರ್ ಎಂಜಿನ್‌ಗೆ ದಾರಿ ಬೇಕಾದರೆ ಅವರೇ ಪಕ್ಕಕ್ಕೆ ಸರಿಸಲಿ ಅಂತ. 2025ರ ಜನವರಿಯಲ್ಲಿ ಲಾಸ್ ಏಂಜಲೀಸ್‌ನ ಪ್ಯಾಲಿಸೇಡ್ಸ್ ಬೆಂಕಿಯಲ್ಲಿ ಜನ ಕಾರು ಬಿಟ್ಟು ಓಡಿದ್ದರು, ಕಡೆಗೆ ಬುಲ್ಡೋಜರ್ ತಂದು ಸಾಲು ಸಾಲು ಕಾರುಗಳನ್ನು ಪಕ್ಕಕ್ಕೆ ತಳ್ಳಬೇಕಾಯಿತು. ಒಣ ಹುಲ್ಲಿನ ಮೇಲೆ ನಿಲ್ಲಿಸಬೇಡಿ, ಕಾರಿನ ಅಡಿಯ ಬಿಸಿ ಪೈಪಿಂದಲೇ ಹೊಸ ಬೆಂಕಿ ಹತ್ತಬಹುದು. ರಸ್ತೆ ಮೇಲೆ ನೀರು ತುಂಬಿದ ಹೋಸ್ ಪೈಪ್ ಬಿದ್ದಿದ್ದರೆ ಅದರ ಮೇಲೆ ಹತ್ತಿಸಲೇಬೇಡಿ. ಅದರ ಆ ತುದಿಯಲ್ಲಿ ಒಬ್ಬ ಬೆಂಕಿ ಮುಂದೆ ನಿಂತಿರುತ್ತಾನೆ, ಪೈಪ್ ಒಡೆದರೆ ಅವನ ಕೈಯಲ್ಲಿ ನೀರಿಲ್ಲ. ಫೋನ್ ಟವರ್‌ಗಳೂ ಸುಡುತ್ತವೆ, ಹಾಗಾಗಿ ಮ್ಯಾಪ್ ಮುಂಚೆಯೇ ಡೌನ್‌ಲೋಡ್ ಆಗಿರಲಿ, ಪೇಪರ್ ಮ್ಯಾಪ್ ಇದ್ದರೆ ಇನ್ನೂ ಒಳ್ಳೆಯದು.

ಬೆಂಕಿಯನ್ನು ಓದುವುದು

ಬೆಂಕಿ ಗುಡ್ಡ ಹತ್ತುವಾಗ ಓಡುತ್ತೆ, ಇಳಿಯುವಾಗ ನಡೆಯುತ್ತೆ. ಮೇಲಿನ ಗಿಡಗಳನ್ನು ಕೆಳಗಿನ ಜ್ವಾಲೆಯೇ ಮುಂಚಿತವಾಗಿ ಒಣಗಿಸಿ ಬಿಸಿ ಮಾಡಿಟ್ಟಿರುತ್ತೆ. ಹಾಗಾಗಿ ಬೆಂಕಿ ಕೆಳಗಿದೆ, ನಾನು ಮೇಲಿಂದ ಚೆನ್ನಾಗಿ ತೆಗೀತೀನಿ ಅನ್ನೋದು ಸಾಯುವ ಜಾಗ ಹುಡುಕಿಕೊಂಡ ಹಾಗೆ. ಎರಡು ಗುಡ್ಡಗಳ ನಡುವಿನ ಕಿರಿದಾದ ಕಣಿವೆಯ ತಲೆಯಲ್ಲಂತೂ ನಿಲ್ಲಲೇಬೇಡಿ.

ಬೆಳಗ್ಗೆ ಹೊಗೆ ಕಣಿವೆಯಲ್ಲಿ ಮಲಗಿರುತ್ತೆ. ಮೇಲೆ ಬಿಸಿಗಾಳಿ, ಕೆಳಗೆ ತಣ್ಣಗಿನದು, ಹೊಗೆಗೆ ಮೇಲೇಳಲು ದಾರಿ ಇರಲ್ಲ. ಆಗ ಬೆಂಕಿಯೂ ಸುಮ್ಮನಿರುತ್ತೆ, ಕಣ್ಣು ಕಾಣದೆ ವಿಮಾನಗಳೂ ನೆಲದಲ್ಲೇ ಇರುತ್ತವೆ. ಹೊಸಬರು ಇದನ್ನು ನೋಡಿ ಏನೂ ಇಲ್ಲ ಅಂತ ವಾಪಸ್ ಹೋಗುತ್ತಾರೆ. ಬಿಸಿಲೇರಿ ಆ ಮುಚ್ಚಳ ತೆರೆದುಕೊಂಡಿತೋ, ಒಂದರ್ಧ ಗಂಟೆಯಲ್ಲಿ ಎಲ್ಲ ಬದಲಾಗುತ್ತೆ: ಆಕಾಶ ತಿಳಿಯಾಗುತ್ತೆ, ಗಾಳಿ ಏಳುತ್ತೆ, ಹೊಗೆ ಕಂಬದ ಹಾಗೆ ನೇರ ಎದ್ದು ನಿಲ್ಲುತ್ತೆ, ಕೆಂಪು ದ್ರವ ಸುರಿಯೋ ಟ್ಯಾಂಕರ್ ವಿಮಾನಗಳು ಬರಲು ಶುರು. ಮಧ್ಯಾಹ್ನ ಎರಡರಿಂದ ಸಂಜೆವರೆಗೆ ಬೆಂಕಿಯ ಜೋರು ಜಾಸ್ತಿ. ಆ ಹೊತ್ತಿಗೆ ನೀವು ಜಾಗ ಹಿಡಿದು ಕೂತಿರಬೇಕು, ಹುಡುಕುತ್ತಿರಬಾರದು.

ಹೊಗೆಯ ಕಂಬ ತುಂಬಾ ಎತ್ತರ ಹೋಗಿ ತಲೆ ಮೇಲೆ ಬಿಳಿ ಹೂಕೋಸಿನಂಥ ಮೋಡ ಕಟ್ಟಿದ್ದರೆ ಫೋಟೋಗೆ ಅದ್ಭುತ, ಆದರೆ ದೂರದಿಂದ. ಆ ಕಂಬ ಕುಸಿದಾಗ ಗಾಳಿ ಎಲ್ಲ ದಿಕ್ಕಿಗೂ ರಾಚುತ್ತೆ, ಬೆಂಕಿ ಯಾವ ಕಡೆ ನುಗ್ಗುತ್ತೋ ಹೇಳಲಾಗದು. 2018ರ ಜುಲೈನಲ್ಲಿ ರೆಡ್ಡಿಂಗ್ ಹತ್ತಿರ ಕಾರ್ ಫೈರ್ ಅನ್ನೋ ಹೆಸರಿನ ಕಾಡ್ಗಿಚ್ಚಿನಲ್ಲಿ ಬೆಂಕಿಯೇ ಸುಂಟರಗಾಳಿಯಾಗಿ ಗಂಟೆಗೆ 143 ಮೈಲಿ ವೇಗದಲ್ಲಿ ತಿರುಗಿತ್ತು.

ಶರತ್ಕಾಲ ಮತ್ತು ಚಳಿಗಾಲದ ಡಯಾಬ್ಲೋ, ಸಾಂಟಾ ಆನಾ ಗಾಳಿಗಳ ಬೆಂಕಿಗೆ ಮೇಲೆ ಹೇಳಿದ ಬೆಳಗ್ಗೆ-ಮಧ್ಯಾಹ್ನದ ಲೆಕ್ಕ ಅನ್ವಯಿಸಲ್ಲ. ಒಳನಾಡಿನಿಂದ ಸಮುದ್ರದ ಕಡೆ ಒಣಗಾಳಿ ಬೀಸುತ್ತೆ, ರಾತ್ರಿ ಕೂಡ ನಿಲ್ಲಲ್ಲ. ಪ್ಯಾರಡೈಸ್ ಊರನ್ನು ಸುಟ್ಟ 2018ರ ನವೆಂಬರ್ 8ರ ಕ್ಯಾಂಪ್ ಫೈರ್ ಅನ್ನೋ ಕಾಡ್ಗಿಚ್ಚು ಶುರುವಾಗಿದ್ದು ಬೆಳಗ್ಗೆ, ಊರು ಹೊತ್ತಿ ಉರಿದದ್ದೂ ಅದೇ ಬೆಳಗ್ಗೆ, 85 ಜನ ಸತ್ತರು. ಅಂಥ ದಿನ ನನ್ನ ಅಭಿಪ್ರಾಯದಲ್ಲಿ ಬೆಂಕಿಯ ಮುಂದಿನ ತುದಿ ಫೋಟೋಗ್ರಾಫರ್‌ಗಳ ಜಾಗವೇ ಅಲ್ಲ. ಪಕ್ಕದಿಂದ, ಹಿಂದಿನಿಂದ ಕೆಲಸ ಮಾಡಿ.

ಬೆಂಕಿ ಆರಿಸುವವರು ನಾಲ್ಕು ವಿಷಯ ಮನಸ್ಸಿನಲ್ಲಿಟ್ಟುಕೊಳ್ಳುತ್ತಾರೆ: ಕಾವಲಿಗೆ ಒಂದು ಕಣ್ಣು, ಮಾತಾಡಲು ಸಂಪರ್ಕ, ತಪ್ಪಿಸಿಕೊಳ್ಳಲು ದಾರಿ, ಹೋಗಿ ನಿಲ್ಲಲು ಸುರಕ್ಷಿತ ಜಾಗ. ಒಬ್ಬರೇ ಹೋದರೆ ಮೊದಲನೆಯದೇ ಇರಲ್ಲ. ಕಣ್ಣು ವ್ಯೂಫೈಂಡರಿನಲ್ಲಿದ್ದಾಗ ಬೆನ್ನ ಹಿಂದೆ ಕಿಡಿ ಬಿದ್ದದ್ದು ಯಾರು ನೋಡಬೇಕು ಹೇಳಿ? ಜೊತೆಗೊಬ್ಬರು ಇರಲಿ. ಸುರಕ್ಷಿತ ಜಾಗ ಅಂದರೆ ಹೆಚ್ಚು ಸಲ ಆಗಲೇ ಪೂರ್ತಿ ಸುಟ್ಟು ಕಪ್ಪಾಗಿರುವ ನೆಲ, ಅಲ್ಲಿ ಉರಿಯಲು ಇನ್ನೇನೂ ಉಳಿದಿಲ್ಲ. ಅರ್ಧಂಬರ್ಧ ಸುಟ್ಟ ಜಾಗ ಲೆಕ್ಕಕ್ಕಿಲ್ಲ. ಕಪ್ಪು ನೆಲದಲ್ಲೂ ತಲೆ ಎತ್ತಿ ನೋಡುತ್ತಿರಿ, ಬುಡ ಸುಟ್ಟ ಮರಗಳು ಸದ್ದಿಲ್ಲದೆ ಬೀಳುತ್ತವೆ, ಕರೆಂಟ್ ತಂತಿಗಳು ಜೋತಾಡುತ್ತಿರುತ್ತವೆ.

ವಿಮಾನ: ಯಾವುದು ಬರುತ್ತೆ, ಎಲ್ಲಿ ಬಿಡುತ್ತೆ

ಇದು ನನಗೆ ಇಷ್ಟವಾದ ಭಾಗ, ಸ್ವಲ್ಪ ಉದ್ದ ಆಗಬಹುದು.

ಯಾರು ಯಾರು ಇದ್ದಾರೆ ಅಂತ ಮೊದಲು ತಿಳಿದುಕೊಳ್ಳಿ. ಎಲ್ಲಕ್ಕಿಂತ ಮೇಲೆ ಸುತ್ತುತ್ತಿರೋದು ಏರ್ ಅಟ್ಯಾಕ್. ರಾಜ್ಯದ ಅಗ್ನಿಶಾಮಕ ಇಲಾಖೆ ಕ್ಯಾಲ್ ಫೈರ್‌ನವರದಾದರೆ ಅದು ಎರಡು ಬಾಲದ ಓವಿ-10 ಬ್ರಾಂಕೋ, ಇಡೀ ಆಕಾಶದ ಟ್ರಾಫಿಕ್ ಪೊಲೀಸ್. ಕ್ಯಾಲ್ ಫೈರ್‌ನ ಸ್ವಂತ ಟ್ಯಾಂಕರ್ ಎಸ್-2ಟಿ, ಒಂದು ಕಾಲದಲ್ಲಿ ಅಮೆರಿಕದ ನೌಕಾಪಡೆಗೆ ಜಲಾಂತರ್ಗಾಮಿ ಹುಡುಕಿಕೊಡುತ್ತಿದ್ದ ವಿಮಾನ, ಈಗ 1,200 ಗ್ಯಾಲನ್, ಅಂದರೆ ಸುಮಾರು 4,500 ಲೀಟರ್ ರಿಟಾರ್ಡೆಂಟ್ (ಬೆಂಕಿಯ ವೇಗ ಕುಗ್ಗಿಸೋ ಆ ಕೆಂಪು ದ್ರವ) ಹೊರುತ್ತೆ. ದೊಡ್ಡಣ್ಣ ಅಂದರೆ ಡಿಸಿ-10, ಪ್ರಯಾಣಿಕರ ಜೆಟ್ ಅನ್ನೇ ಮಾರ್ಪಡಿಸಿದ್ದು, 9,400 ಗ್ಯಾಲನ್. ಫೈರ್‌ಹಾಕ್ ಹೆಲಿಕಾಪ್ಟರ್ ಒಂದು ಸಾವಿರ ಗ್ಯಾಲನ್ ನೀರು ಹೊರುತ್ತೆ. ಕೆನಡಾದಿಂದ ಬರೋ ಹಳದಿ-ಕೆಂಪು ಸೂಪರ್ ಸ್ಕೂಪರ್, ಸಿಎಲ್-415, ನೀರಿನ ಮೇಲೆ ಉಜ್ಜಿಕೊಂಡು ಹೋಗುತ್ತಾ ಹನ್ನೆರಡು ಸೆಕೆಂಡಿನಲ್ಲಿ ಆರು ಸಾವಿರ ಲೀಟರಿನಷ್ಟು ತುಂಬಿಕೊಳ್ಳುತ್ತೆ.

ಇವೆಲ್ಲ ಎಲ್ಲಿವೆ ಅಂತ ಫೋನಿನಲ್ಲೇ ಗೊತ್ತಾಗುತ್ತೆ. ಫ್ಲೈಟ್‌ರಾಡಾರ್24 ಅಥವಾ ಎಡಿಎಸ್-ಬಿ ಎಕ್ಸ್‌ಚೇಂಜ್ ತೆರೆಯಿರಿ. ಒಂದೇ ಜಾಗದಲ್ಲಿ ಗುಂಡಗೆ ಸುತ್ತುತ್ತಿರೋದು ಏರ್ ಅಟ್ಯಾಕ್, ಅದರ ಕೆಳಗೇ ಬೆಂಕಿ. ಸ್ಯಾಕ್ರಮೆಂಟೋದ ಮೆಕ್ಲೆಲನ್‌ನಿಂದ ಟ್ಯಾಂಕರ್ ಮೇಲೇರಿತಾ? ದೂರ ನೋಡಿದರೆ ಎಷ್ಟು ನಿಮಿಷಕ್ಕೆ ನಿಮ್ಮ ತಲೆ ಮೇಲಿರುತ್ತೆ ಅಂತ ಲೆಕ್ಕ ಹಾಕಬಹುದು. ವಾಚ್ ಡ್ಯೂಟಿ ಆ್ಯಪ್ ಹೊಸ ಬೆಂಕಿಯ ಸುದ್ದಿ ಕೊಡುತ್ತೆ, ಅಲರ್ಟ್‌ಕ್ಯಾಲಿಫೋರ್ನಿಯಾದವರು ಗುಡ್ಡದ ಮೇಲಿಟ್ಟಿರೋ ಕ್ಯಾಮೆರಾಗಳಲ್ಲಿ ಹೊಗೆ ಎತ್ತ ವಾಲುತ್ತಿದೆ ಅಂತ ಮನೆಯಲ್ಲೇ ಕೂತು ನೋಡಬಹುದು. ಇದರ ಜೊತೆ ಒಂದು ರೇಡಿಯೋ ಸ್ಕ್ಯಾನರ್. ಬರುವ ವಿಮಾನಕ್ಕೆ ಏರ್ ಅಟ್ಯಾಕ್ ಏನು ಹೇಳುತ್ತೆ ಅಂತ ಕೇಳಿಸಿಕೊಳ್ಳಿ, ಮೊದಮೊದಲು ಒಂದು ಪದವೂ ಅರ್ಥ ಆಗಲ್ಲ, ಆಮೇಲೆ ಕಿವಿ ಪಳಗುತ್ತೆ.

ಈಗ ಮುಖ್ಯ ವಿಷಯ. ರಿಟಾರ್ಡೆಂಟನ್ನು ಹೆಚ್ಚಾಗಿ ಬೆಂಕಿಯ ಮೇಲೆ ಸುರಿಯಲ್ಲ. ಬೆಂಕಿಯ ಮುಂದೆ, ಇನ್ನೂ ಸುಡದ ಗಿಡಗಳ ಮೇಲೆ ಗೆರೆ ಎಳೆಯುತ್ತಾರೆ, ಆ ಗೆರೆಗೆ ಬಂದಾಗ ಬೆಂಕಿಯ ವೇಗ ಕುಗ್ಗಲಿ ಅಂತ. ಅದರಲ್ಲಿರೋದು ನೀರು, ಅಮೋನಿಯಂ ಫಾಸ್ಫೇಟ್ ಥರದ ಗೊಬ್ಬರದ ಲವಣ, ಮತ್ತೆ ಎಲ್ಲಿ ಬಿದ್ದಿದೆ ಅಂತ ಪೈಲಟ್‌ಗೆ ಕಾಣಲಿ ಅಂತ ಕೆಂಪು ಬಣ್ಣ. ಹಾಗಾಗಿ ಜ್ವಾಲೆಯ ಮೇಲೆ ಲೆನ್ಸ್ ಇಟ್ಟು ಕಾಯುವವರಿಗೆ ವಿಮಾನ ಸಿಗಲ್ಲ. ಹಿಂದಿನ ಕೆಂಪು ಗೆರೆ ಎಲ್ಲಿ ಮುಗಿದಿದೆ ಅಂತ ಹುಡುಕಿ. ಮುಂದಿನ ವಿಮಾನ ಸಾಮಾನ್ಯವಾಗಿ ಅದೇ ತುದಿಯಿಂದ ಶುರು ಮಾಡಿ ಗೆರೆಯನ್ನು ಮುಂದಕ್ಕೆ ಬೆಳೆಸುತ್ತೆ. ಆ ತುದಿ, ಅದರ ಹಿಂದೆ ಹೊಗೆ, ಪಕ್ಕದಲ್ಲಿ ಒಂದು ಮನೆಯೋ ರಸ್ತೆಯೋ ಬರುವ ಹಾಗೆ ಜಾಗ ಹಿಡಿದರೆ ಫೋಟೋ ಅರ್ಧ ಆದಂತೆ.

ದೊಡ್ಡ ಟ್ಯಾಂಕರ್‌ಗೆ ಮುಂದೆ ದಾರಿ ತೋರಿಸಲು ಲೀಡ್ ಪ್ಲೇನ್ ಬರುತ್ತೆ, ಎರಡು ಎಂಜಿನ್ನಿನ ಚಿಕ್ಕ ಕಿಂಗ್ ಏರ್. ಮೊದಲ ಸಲ ಅದು ಒಂದೇ ಹಾದು ಹೋಗುತ್ತೆ, ಗುಡ್ಡದ ಅಂಚಿಗೆ ತಾಗುವಷ್ಟು ಕೆಳಗೆ. ಅದು ಅಭ್ಯಾಸದ ಸುತ್ತು. ನಿಮಗೂ ಅದೇ ಅಭ್ಯಾಸ, ಕ್ಯಾಮೆರಾ ಎತ್ತಿ ಅದರ ಜೊತೆಗೇ ತಿರುಗಿ, ಎಲ್ಲಿ ಮರ ಅಡ್ಡ ಬರುತ್ತೆ ನೋಡಿಕೊಳ್ಳಿ. ಎರಡನೇ ಸಲ ಬರುವಾಗ ಹಿಂದೆ ಟ್ಯಾಂಕರ್ ಇರುತ್ತೆ. ಬಿಡಬೇಕಾದ ಜಾಗ ಬಂದ ಕೂಡಲೇ ಲೀಡ್ ಪ್ಲೇನ್ ಬಾಲದಿಂದ ಬಿಳಿ ಹೊಗೆಯ ಒಂದು ಉಂಡೆ ಉಗುಳುತ್ತೆ. ಆ ಬಿಳಿ ಉಂಡೆಯೇ ನಿಮ್ಮ ಗುರುತು. ಅದರ ಮೇಲೆ ಫೋಕಸ್, ಅಲ್ಲಿಂದಲೇ ಕೆಂಪು ಶುರು. ಡಿಸಿ-10 ಮರಗಳಿಂದ ಇನ್ನೂರು ಅಡಿ ಆಸುಪಾಸು ಮೇಲೆ ಬರುವುದನ್ನು ಮೊದಲ ಸಲ ನೋಡಿದಾಗ ಶಟರ್ ಒತ್ತೋದೇ ಮರೆತುಹೋಗುತ್ತೆ, ಅಷ್ಟು ದೊಡ್ಡದು ಅಷ್ಟು ನಿಧಾನವಾಗಿ ಬರುತ್ತೆ. ಹೊಟ್ಟೆಯಡಿಯಿಂದ ಕೆಂಪು ಪರದೆ ಇಳಿದು, ವಿಮಾನ ದಾಟಿ ಹೋದ ಮೇಲೆ ಕೂಡ ಗಾಳಿಯಲ್ಲಿ ತೇಲಿ, ಆಮೇಲೆ ಮರಗಳ ಮೇಲೆ ಸೋನೆಯಂತೆ ಸದ್ದು ಮಾಡುತ್ತೆ. ವಿಮಾನ ಹೋಯ್ತು ಅಂತ ಕ್ಯಾಮೆರಾ ಇಳಿಸಬೇಡಿ. ಆ ಪರದೆ ನೆಲಕ್ಕೆ ಮುಟ್ಟೋ ಕ್ಷಣ ಹೆಚ್ಚು ಸಲ ವಿಮಾನಕ್ಕಿಂತ ಚೆಂದ.

ಗೆರೆಯ ಪಕ್ಕದಲ್ಲಿರಿ, ಗೆರೆಯಡಿ ಬೇಡ. ತುಂಬಾ ಕೆಳಗಿಂದ ಬಿಟ್ಟ ರಿಟಾರ್ಡೆಂಟ್ ಮರವನ್ನೇ ಮುರಿಯುತ್ತೆ. 2018ರ ಮೆಂಡೊಸಿನೋ ಕಾಂಪ್ಲೆಕ್ಸ್ ಬೆಂಕಿಯಲ್ಲಿ 747 ಸೂಪರ್‌ಟ್ಯಾಂಕರ್ ಸುರಿದ ಹೊಡೆತಕ್ಕೆ ಮರ ಮುರಿದು ಒಬ್ಬ ಅಗ್ನಿಶಾಮಕ ಅಧಿಕಾರಿ ಸತ್ತರು. ತಪ್ಪಿಸಿಕೊಳ್ಳಲು ಸಮಯವೇ ಇಲ್ಲ ಅಂದರೆ ದೊಡ್ಡ ಮರಗಳಿಂದ ದೂರ ಸರಿದು, ವಿಮಾನ ಬರುವ ಕಡೆಗೆ ತಲೆ ಮಾಡಿ, ಮುಖ ನೆಲಕ್ಕಿಟ್ಟು ಮಲಗಿ, ಹೆಲ್ಮೆಟ್ ಹಿಡಿದುಕೊಳ್ಳಿ. ಕ್ಯಾಮೆರಾ ಹೊಟ್ಟೆಯಡಿ.

ಇಷ್ಟೆಲ್ಲ ಬೇಡ ಅನ್ನೋರಿಗೆ ಸುಲಭದ ಜಾಗ ಇದೆ: ಹೆಲಿಕಾಪ್ಟರ್ ನೀರು ತುಂಬೋ ಕೆರೆ. ಬೆಂಕಿಯಿಂದ ದೂರ, ಪದೇ ಪದೇ ಬರುತ್ತೆ, ಒಂದು ತಪ್ಪಿದರೆ ಐದು ನಿಮಿಷಕ್ಕೆ ಇನ್ನೊಂದು. ರೆಕ್ಕೆಯ ಗಾಳಿಗೆ ನೀರು ಚಿಮ್ಮಿ ಸುತ್ತಲೂ ಬಿಳಿ ಬಳೆ ಕಟ್ಟುತ್ತೆ. ದಡದಿಂದ ದೂರ ನಿಲ್ಲಿ, ಪೈಲಟ್ ಬರೋ ದಾರಿಗೆ ಅಡ್ಡ ಇರಬೇಡಿ.

ಡ್ರೋನ್ ತರಬೇಡಿ. ಯಾವ ಕಾರಣಕ್ಕೂ. ದೊಡ್ಡ ಬೆಂಕಿಯ ಮೇಲಿನ ಆಕಾಶವನ್ನು ಅಮೆರಿಕದ ವಿಮಾನಯಾನ ಇಲಾಖೆ ಎಫ್‌ಎಎ ಮುಚ್ಚಿರುತ್ತೆ. 2025ರ ಜನವರಿ 9ರಂದು ಪ್ಯಾಲಿಸೇಡ್ಸ್‌ನಲ್ಲಿ ಯಾರೋ ಹಾರಿಸಿದ ಚಿಕ್ಕ ಡ್ರೋನ್ ಕ್ಯುಬೆಕ್‌ನಿಂದ ಬಂದ ಸೂಪರ್ ಸ್ಕೂಪರ್‌ನ ರೆಕ್ಕೆಗೆ ಬಡಿದು ತೂತು ಮಾಡಿತು. ಊರು ಉರಿಯುತ್ತಿರುವಾಗ ಆ ವಿಮಾನ ದಿನಗಟ್ಟಲೆ ರಿಪೇರಿಯಲ್ಲಿ ಕೂತಿತ್ತು. ಹಾರಿಸಿದವನು ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡ.

ಕ್ಯಾಮೆರಾ

ಎರಡು ಬಾಡಿ. ಒಂದರಲ್ಲಿ 24-70, ಇನ್ನೊಂದರಲ್ಲಿ 100-400 ಅಥವಾ 70-200. ಬೂದಿ ಹಾರುವ ಕಡೆ ಲೆನ್ಸ್ ಬಿಚ್ಚಿದರೆ ಸೆನ್ಸರ್ ಕಥೆ ಮುಗಿಯಿತು. ಯುವಿ ಫಿಲ್ಟರ್ ಬಗ್ಗೆ ನಗುವವರೂ ಇಲ್ಲಿ ಹಾಕುತ್ತಾರೆ.

ಶಟರ್: ಡಿಸಿ-10 ಥರದ ಜೆಟ್‌ಗೆ 1/1600 ಇಟ್ಟರೆ ನಿಶ್ಚಿಂತೆ. ಎಸ್-2ಟಿಗೆ ಪ್ರೊಪೆಲ್ಲರ್ ಇದೆ, 1/320 ಹತ್ತಿರ ಇಡಿ, ಇಲ್ಲದಿದ್ದರೆ ರೆಕ್ಕೆ ನಿಂತ ಫ್ಯಾನಿನ ಹಾಗೆ ಕಾಣುತ್ತೆ, ವಿಮಾನ ಬೀಳ್ತಿದೆಯೇನೋ ಅನ್ನಿಸುತ್ತೆ. ಹೆಲಿಕಾಪ್ಟರ್‌ಗೆ 1/200. ಕೈ ಪಳಗದವರು ಮೊದಲು ಜಾಸ್ತಿ ಶಟರ್‌ನಲ್ಲಿ ನಾಲ್ಕು ಫ್ರೇಮ್ ತೆಗೆದಿಟ್ಟು ಆಮೇಲೆ ಇಳಿಸಿ. ಹೊಗೆಯಲ್ಲಿ ಆಟೋಫೋಕಸ್ ತಡಕಾಡುತ್ತೆ. ಫೋಕಸನ್ನು ಹಿಂದಿನ ಬಟನ್‌ಗೆ ಹಾಕಿ, ಬಿಳಿ ಉಂಡೆ ಬಿದ್ದ ಜಾಗಕ್ಕೋ ಒಂದು ಮರದ ತುದಿಗೋ ಮುಂಚೆಯೇ ಹಿಡಿದಿಟ್ಟುಕೊಳ್ಳಿ. ಬಿಸಿನೆಲದ ಮೇಲಿಂದ ಉದ್ದ ಲೆನ್ಸಿನಲ್ಲಿ ತೆಗೆದರೆ ಗಾಳಿ ನಡುಗಿ ಎಲ್ಲ ಮಸುಕು. ಅದಕ್ಕೆ ಯಾವ ಲೆನ್ಸೂ ಮದ್ದಲ್ಲ, ಜಾಗ ಬದಲಿಸಬೇಕು.

ವೈಟ್ ಬ್ಯಾಲೆನ್ಸ್ ಆಟೋದಲ್ಲಿ ಬಿಡಬೇಡಿ. 2020ರ ಸೆಪ್ಟೆಂಬರ್ 9 ನೆನಪಿದೆಯಾ? ಬೇ ಏರಿಯಾದ ಆಕಾಶ ಹಗಲಿನಲ್ಲೇ ಕಿತ್ತಳೆ ಬಣ್ಣವಾಗಿತ್ತು, ಬೀದಿ ದೀಪ ಹಚ್ಚಿದ್ದರು, ಎಲ್ಲರೂ ಫೋನ್ ತೆಗೆದು ಕ್ಲಿಕ್ಕಿಸಿದರೆ ಫೋಟೋದಲ್ಲಿ ಬರೀ ಬೂದು. ಫೋನ್ ಆ ಕಿತ್ತಳೆಯನ್ನು ತಪ್ಪು ಅಂದುಕೊಂಡು ತಿದ್ದಿತ್ತು. ಡೇಲೈಟ್‌ಗೆ, ಅಂದರೆ 5,500 ಕೆಲ್ವಿನ್ ಆಸುಪಾಸಿಗೆ ಕಟ್ಟಿಹಾಕಿ. ಆಮೇಲೆ ಎಡಿಟಿಂಗ್‌ನಲ್ಲಿ ಕೆಂಪು ಏರಿಸುವ ಚಪಲವನ್ನೂ ಕಟ್ಟಿಹಾಕಿ. ಬೆಂಕಿಗೆ ನಿಮ್ಮ ಮಸಾಲೆ ಬೇಕಾಗಿಲ್ಲ.

ಎಕ್ಸ್‌ಪೋಷರ್‌ನಲ್ಲಿ ಜ್ವಾಲೆಯನ್ನು ಉಳಿಸಿಕೊಳ್ಳಿ, ಅದು ಬಿಳಿಯಾಗಿ ಹೋದರೆ ವಾಪಸ್ ಬರಲ್ಲ. ನೆರಳನ್ನು ರಾ ಫೈಲಿನಿಂದ ಎತ್ತಬಹುದು. ರಾತ್ರಿ ದೂರದ ಗುಡ್ಡ ಸುಡುವುದನ್ನು ಟ್ರೈಪಾಡ್ ಮೇಲೆ ಹತ್ತಿಪ್ಪತ್ತು ಸೆಕೆಂಡ್ ತೆರೆದಿಟ್ಟರೆ ಗುಡ್ಡದ ಅಂಚುಗಳೆಲ್ಲ ಬೆಳಕಿನ ಗೆರೆಯಾಗುತ್ತವೆ.

ಜ್ವಾಲೆಯ ಮುಂದೆ ಮನುಷ್ಯರು ಇರುವ ಫೋಟೋ ಬೇಕು ಅಂದರೆ ಓಡುತ್ತಿರುವ ಬೆಂಕಿಯ ಹಿಂದೆ ಬೀಳಬೇಡಿ. ರಾತ್ರಿ ಗಾಳಿ ನಿಂತ ಮೇಲೆ ಸಿಬ್ಬಂದಿಯೇ ಡ್ರಿಪ್ ಟಾರ್ಚ್ ಹಿಡಿದು ರಸ್ತೆ ಬದಿಯ ಕಾಡಿಗೆ ಬೆಂಕಿ ಕೊಡುತ್ತಾರೆ, ದೊಡ್ಡ ಬೆಂಕಿ ಬರೋ ಹೊತ್ತಿಗೆ ಅಲ್ಲಿ ಉರಿಯಲು ಏನೂ ಇರಬಾರದು ಅಂತ. ಪಿಐಒ ಹತ್ತಿರ ಇದು ಯಾವಾಗ, ಎಲ್ಲಿ ಅಂತ ಕೇಳಿ. ನೀವು ರಸ್ತೆ ಮೇಲಿರುತ್ತೀರಿ, ಸುತ್ತಲೂ ಎಂಜಿನ್‌ಗಳಿರುತ್ತವೆ, ಮುಖದ ಮೇಲೆ ಜ್ವಾಲೆಯ ಬೆಳಕು ಬಿದ್ದಿರುತ್ತೆ. ನನಗೆ ಕೇಳಿದರೆ ಟ್ಯಾಂಕರ್ ಫೋಟೋ ಎಲ್ಲರ ಹತ್ತಿರವೂ ಇದೆ, ಹದಿನಾರು ಗಂಟೆ ಕೆಲಸ ಮಾಡಿ ಮಣ್ಣಿನಲ್ಲೇ ಒರಗಿದವನ ಕೈ ನಿಮ್ಮ ಹತ್ತಿರ ಮಾತ್ರ ಇರಬಹುದು. ಕಿತ್ತಳೆ ಬಟ್ಟೆಯಲ್ಲಿರುವವರು ಜೈಲಿನಿಂದ ಬಂದ ಸಿಬ್ಬಂದಿ, ಅವರ ಮುಖ ತೆಗೆಯುವ ಮುನ್ನ ಜೊತೆಗಿರುವ ಕ್ಯಾಪ್ಟನ್‌ನನ್ನು ಕೇಳಿ.

ಮನೆಗಳು, ಕ್ಯಾಪ್ಷನ್‌ಗಳು

ಸುಟ್ಟ ಮನೆಯ ಫೋಟೋದಲ್ಲಿ ಮನೆ ನಂಬರ್ ಕಾಣುತ್ತಿದ್ದರೆ ಸ್ವಲ್ಪ ತಡೆಯಿರಿ. ಆ ಮನೆಯವರು ಯಾವುದೋ ಶಾಲೆಯ ಶಿಬಿರದಲ್ಲಿ ಕೂತು ಫೋನ್ ನೋಡುತ್ತಿರುತ್ತಾರೆ. ನಿಮ್ಮ ಪೋಸ್ಟಿನಿಂದ ಅವರಿಗೆ ಗೊತ್ತಾಗಬಾರದು. ಬೂದಿಯೊಳಗೆ ಕಾಲಿಡಬೇಡಿ, ಅದರಲ್ಲಿ ವಿಷದ ಲೋಹಗಳಿರುತ್ತವೆ, ಮೊಳೆಗಳಿರುತ್ತವೆ, ಕೆಲವೊಮ್ಮೆ ಮನುಷ್ಯರೂ. ಬಿದ್ದಿರುವ ಗೊಂಬೆಯನ್ನು ಎತ್ತಿ ಚೆನ್ನಾಗಿ ಕಾಣುವ ಕಡೆ ಇಡುವುದು ಸುಳ್ಳು ಹೇಳುವುದಕ್ಕೆ ಸಮ.

ಕ್ಯಾಪ್ಷನ್‌ನಲ್ಲಿ ತಪ್ಪಾಗುವುದು ಇಲ್ಲೇ. ಕೆಂಪು ಸುರಿದರೆ ರಿಟಾರ್ಡೆಂಟ್ ಅಂತ ಬರೆಯಿರಿ, ನೀರು ಅಂತ ಅಲ್ಲ. ಸಿಬ್ಬಂದಿಯೇ ಹಚ್ಚಿದ ಬೆಂಕಿಯಾದರೆ ಹಾಗಂತಲೇ ಹೇಳಿ. ಶೇ. 40 ಕಂಟೈನ್‌ಮೆಂಟ್ ಅಂದರೆ ಬೆಂಕಿಯ ಸುತ್ತಳತೆಯಲ್ಲಿ ಶೇ. 40ರಷ್ಟಕ್ಕೆ ಅದು ದಾಟಲಾರದ ಗೆರೆ ಬಿದ್ದಿದೆ ಅಂತ ಅರ್ಥ, ಒಳಗೆ ಇನ್ನೂ ಉರಿಯುತ್ತಿರಬಹುದು. ಬೆಂಕಿಯ ಹೆಸರು ಸಾಮಾನ್ಯವಾಗಿ ಹುಟ್ಟಿದ ಜಾಗದ ಹತ್ತಿರದ ರಸ್ತೆಯಿಂದಲೋ ಹಳ್ಳದಿಂದಲೋ ಬರುತ್ತೆ, ಕ್ಯಾಂಪ್ ಕ್ರೀಕ್ ರಸ್ತೆಯಿಂದ ಕ್ಯಾಂಪ್ ಫೈರ್ ಆದ ಹಾಗೆ. ಸುಟ್ಟ ಊರಿನ ಹೆಸರು ಬೇರೆ ಇರುತ್ತೆ, ಎರಡನ್ನೂ ಬರೆಯಿರಿ. 2021ರ ಡಿಕ್ಸೀ ಫೈರ್ 9.63 ಲಕ್ಷ ಎಕರೆ ಸುಟ್ಟಿತು, ಅದರಲ್ಲಿ ಗ್ರೀನ್‌ವಿಲ್ ಅನ್ನೋ ಇಡೀ ಪೇಟೆ ಹೋಯ್ತು. ಬರೀ ಡಿಕ್ಸೀ ಅಂತ ಬರೆದರೆ ಓದುವವರಿಗೆ ಊರೇ ಸಿಗಲ್ಲ.

ಜಾಗ, ದಿನ, ಸಮಯ ಫೈಲಿನೊಳಗೇ ಇರಲಿ. 2019ರ ಫೆಬ್ರುವರಿಯಲ್ಲಿ ಬಂಡೀಪುರ ಹೊತ್ತಿ ಉರಿದಾಗ ಬೇರೆ ಯಾವುದೋ ದೇಶದ ಸುಟ್ಟ ಪ್ರಾಣಿಗಳ ಹಳೇ ಫೋಟೋಗಳು ಬಂಡೀಪುರದ್ದು ಅಂತ ವಾಟ್ಸಾಪ್‌ನಲ್ಲಿ ಊರೆಲ್ಲ ಸುತ್ತಿದವು. ಅಲ್ಲಿ ನಿಜವಾಗಿ ತೆಗೆಯಬಹುದಾಗಿದ್ದ ಫೋಟೋ ಬೇರೆಯೇ ಇತ್ತು: ಸೂಲೂರಿನಿಂದ ಬಂದ ವಾಯುಪಡೆಯ ಎಂಐ-17 ಹೆಲಿಕಾಪ್ಟರ್‌ಗಳು ಬಾಂಬಿ ಬಕೆಟ್ ನೇತುಹಾಕಿಕೊಂಡು ನೀರು ಸುರಿದವು, ಕೆಳಗೆ ಅರಣ್ಯ ಇಲಾಖೆಯ ವಾಚರ್‌ಗಳು ಹಸಿ ಸೊಪ್ಪಿನ ಕೊಂಬೆಯಲ್ಲಿ ಬಡಿದು ಬೆಂಕಿ ಆರಿಸುತ್ತಿದ್ದರು. ಊರಿಗೆ ಹೋದಾಗ ಈ ಕೆಲಸ ಮಾಡುವ ಆಸೆ ಇರುವವರಿಗೆ: 409.5 ಅಲ್ಲಿಲ್ಲ. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಹುಲಿ ಕಾಡಿಗೆ ಕಾಲಿಟ್ಟರೆ ಕೇಸು. ಜೊತೆಗೆ ಲಂಟಾನ ಪೊದೆ ಹೊತ್ತಿಕೊಂಡರೆ ಒಳಗಿಂದ ಆನೆಯೂ ಹೊರಗೆ ಬರಬಹುದು, ಕ್ಯಾಲಿಫೋರ್ನಿಯಾದ ಯಾವ ತರಬೇತಿಯಲ್ಲೂ ಅದನ್ನು ಹೇಳಿಕೊಟ್ಟಿಲ್ಲ.

ವಾಪಸ್ ಬಂದ ಮೇಲೆ

ಕ್ಯಾಮೆರಾ ಮೇಲಿನ ಬೂದಿಯನ್ನು ಬಟ್ಟೆಯಲ್ಲಿ ಒರೆಸಬೇಡಿ, ಗಾಜಿಗೆ ಗೀರು ಬೀಳುತ್ತೆ. ಮೊದಲು ಬ್ಲೋವರ್, ಆಮೇಲೆ ಮೆತ್ತನೆ ಬ್ರಷ್, ಕೊನೆಗೆ ಒದ್ದೆ ಬಟ್ಟೆ. ರಿಟಾರ್ಡೆಂಟ್ ಅಂಟಿದ್ದರೆ ಅದೇ ದಿನ ಒದ್ದೆ ಬಟ್ಟೆಯಲ್ಲಿ ತೆಗೆಯಿರಿ, ಒಣಗಿದರೆ ಬಿಡಲ್ಲ, ಲೋಹವನ್ನೂ ತಿನ್ನುತ್ತೆ. ಕಾರಿನ ಮೇಲೆ ಬಿದ್ದಿದ್ದರೂ ಅಷ್ಟೇ, ಮೊದಲು ನೀರು ಹೊಡೆಯಿರಿ. ಕಾರಿನ ಏರ್ ಫಿಲ್ಟರ್ ಮತ್ತು ಎಸಿ ಫಿಲ್ಟರ್ ಬಿಚ್ಚಿ ನೋಡಿ, ಕಪ್ಪಗಿದ್ದರೆ ಬದಲಿಸಿ. ಬಟ್ಟೆಯನ್ನು ಮನೆಯೊಳಗೆ ತರಬೇಡಿ, ಗರಾಜಿನಲ್ಲೇ ಬಿಚ್ಚಿ ಬೇರೆಯಾಗಿ ಒಗೆಯಿರಿ. ನೊಮೆಕ್ಸ್‌ಗೆ ಬ್ಲೀಚ್ ಹಾಕಬಾರದು, ಬಟ್ಟೆ ಹಾಳಾಗುತ್ತೆ. ಮಾಸ್ಕಿನ ಫಿಲ್ಟರ್ ಎಸೆದು ಹೊಸದು ಹಾಕಿ, ಬ್ಯಾಟರಿ ಚಾರ್ಜಿಗಿಡಿ, ಪೆಟ್ರೋಲ್ ಹಾಕಿಸಿ ಬಂದಿದ್ದೀರಾ ನೋಡಿ. ಸೀಸನ್ ಇನ್ನೂ ಮುಗಿದಿಲ್ಲ.